ಕ್ರಿಸ್‌ಮಸ್ ಕಾರ್ಡ್ ಈ ಸಲ ಎಷ್ಟು ಬಂತು ನಿಮ್ಮ ಮನೆಗೆ?

ವಿದ್ಯಾನಗರದ ಟೀಚರ್, ದಾವಣಗೆರೆ:

ನಮ್ಮ ಮನೆಗೆ ಎರಡೇ ಎರಡು. ಒಂದು ಪುಣೆಯಿಂದ, ಇನ್ನೊಂದು ಮಂಗಳೂರಿನಿಂದ. ಕಳಿಸಿದ ಇಬ್ಬರಿಗೂ ಎಪ್ಪತ್ತೈದು ದಾಟಿದೆ.

ಮೊದಲೆಲ್ಲ ಡಿಸೆಂಬರ್ ಹತ್ತಕ್ಕೇ ಹಾಲ್‌ನಲ್ಲಿ ಈ ಗೋಡೆಯಿಂದ ಆ ಗೋಡೆಗೆ ದಾರ ಕಟ್ಟುತ್ತಿದ್ದೆವು. ಬಂದ ಕಾರ್ಡನ್ನು ಮಡಿಕೆ ಬಿಚ್ಚಿ ಅದರ ಮೇಲೆ ನೇತು ಹಾಕುವುದು. ಎರಡು ಸಾಲು ತುಂಬಿ, ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಪಕ್ಕದ ಕಿಟಕಿ ಸರಳಿಗೂ ಸಿಕ್ಕಿಸಬೇಕಾಗುತ್ತಿತ್ತು. ಈ ಸಲ ದಾರ ಕಟ್ಟಲಿಲ್ಲ. ಎರಡನ್ನೂ ಶೋಕೇಸ್‌ನಲ್ಲಿ ಇಟ್ಟೆ.

ಅಪ್ಪ ಹರಿಹರದಲ್ಲಿ ಲೇತ್ ಯಂತ್ರ ಮಾಡುವ ಕಾರ್ಖಾನೆಯಲ್ಲಿದ್ದರು. ನಾವು ಬೆಳೆದದ್ದು ಅಲ್ಲಿನ ಕ್ವಾರ್ಟರ್ಸ್‌ನಲ್ಲಿ. ನವೆಂಬರ್ ಕೊನೆಯ ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ ಅಪ್ಪ ಮೇಜಿನ ಮುಂದೆ ಕೂರುತ್ತಿದ್ದರು. ಪಕ್ಕದಲ್ಲಿ ಕೆಂಪು ರಟ್ಟಿನ ಖಾತೆ ಪುಸ್ತಕ. ಅದರಲ್ಲಿ ಲೆಕ್ಕ ಇರಲಿಲ್ಲ, ವಿಳಾಸಗಳಿದ್ದವು. ಯಾರಿಗಾದರೂ ವರ್ಗ ಆದರೆ ಹಳೆಯದನ್ನು ಒಂದೇ ಗೆರೆಯಲ್ಲಿ ಹೊಡೆದು ಹೊಸದನ್ನು ಕೆಳಗೆ ಬರೆಯುತ್ತಿದ್ದರು, ಹಳೆಯದೂ ಓದುವ ಹಾಗೆ. ತೀರಿಕೊಂಡವರ ಹೆಸರಿನ ಪಕ್ಕ ಸಣ್ಣ ಶಿಲುಬೆ ಗುರುತು. ನಾನು ಸ್ಟಾಂಪ್ ಅಂಟಿಸುವವಳು, ತಮ್ಮ ಕವರ್ ಜೋಡಿಸುವವನು.

ಕಾರ್ಖಾನೆ ಮುಚ್ಚಿದ ಮೇಲೆ ಕ್ವಾರ್ಟರ್ಸ್ ಜನ ದಿಕ್ಕಿಗೊಬ್ಬರಾದರು. ಪುಣೆ, ಬೆಳಗಾವಿ, ಕೊಯಮತ್ತೂರು, ಹೊಸೂರು. ನಮ್ಮ ಸಾಲಿನಲ್ಲಿ ಆಗ ಯಾರ ಕೈಯಲ್ಲೂ ಮೊಬೈಲ್ ಇರಲಿಲ್ಲ. ಯಾರು ಎಲ್ಲಿ ಸೇರಿದರು ಅಂತ ನಮಗೆ ಗೊತ್ತಾಗಿದ್ದು ಆ ಡಿಸೆಂಬರ್‌ನಲ್ಲಿ ಬಂದ ಕವರುಗಳ ಹಿಂದಿನ "ಇಂದ" ವಿಳಾಸ ನೋಡಿ. ವಿಳಾಸ ಬರೆದುಕೊಳ್ಳುವ ತನಕ ಅಮ್ಮ ಒಂದು ಕವರನ್ನೂ ಬಿಸಾಡಲು ಬಿಡುತ್ತಿರಲಿಲ್ಲ.

ಆ ಪುಸ್ತಕ ಈಗ ನನ್ನ ಹತ್ತಿರ ಇದೆ. ನಿನ್ನೆ ಕೂತು ಎಣಿಸಿದೆ, 64 ವಿಳಾಸ. ಅದರಲ್ಲಿ ನನ್ನ ಫೋನಿನಲ್ಲಿ ನಂಬರ್ ಇರುವುದು 11 ಮನೆಯವರದ್ದು ಮಾತ್ರ. ಉಳಿದವರು ಯಾರು ಅಂದರೆ, ಅಪ್ಪ ಮೊದಲು ಚಿತ್ರದುರ್ಗದಲ್ಲಿ ಕೆಲಸಕ್ಕಿದ್ದಾಗ ಬಾಡಿಗೆಗೆ ಮನೆ ಕೊಟ್ಟಿದ್ದ ಅಜ್ಜಿ, ತಮ್ಮ ಹುಟ್ಟಿದಾಗ ರಾತ್ರಿಯಿಡೀ ಅಮ್ಮನ ಜೊತೆ ಕೂತಿದ್ದ ನರ್ಸಮ್ಮ, ಅಪ್ಪನಿಗೆ ಕೆಲಸ ಕಲಿಸಿದ ಫೋರ್‌ಮನ್, ಇಂಥವರು. ಫೋನ್ ಮಾಡಿ ಅರ್ಧ ಗಂಟೆ ಮಾತಾಡುವಷ್ಟು ಹತ್ತಿರದವರಲ್ಲ. ಹಾಗಂತ ಮರೆತುಬಿಡುವವರೂ ಅಲ್ಲ. ಇಂಥವರಿಗೆ ಫೋನ್ ಹಚ್ಚಿದರೆ ಏನು ಮಾತಾಡುವುದು? "ಚೆನ್ನಾಗಿದ್ದೀರಾ" ಆದ ಮೇಲೆ ಮುಂದೇನು? ಕಾರ್ಡಿಗೆ ಆ ಕಷ್ಟ ಇರಲಿಲ್ಲ. ವರ್ಷಕ್ಕೊಮ್ಮೆ ಹೆಸರು ಬರೆದು ಸಹಿ ಹಾಕಿದರೆ ಸಾಕು, ಇದ್ದೇವೆ ಅಂತ ಅವರಿಗೆ ಗೊತ್ತು, ಇದ್ದಾರೆ ಅಂತ ನಮಗೆ ಗೊತ್ತು. ಕಾರ್ಡ್ ನಿಂತ ಮೇಲೆ ನಾವು ಕಳಕೊಂಡದ್ದು ಈ ನಡುವಿನ ಜನರನ್ನು ಅಂತ ನನಗೆ ಬಲವಾಗಿ ಅನ್ನಿಸುತ್ತಿದೆ. ತಪ್ಪು ನನ್ನದೂ ಇದೆ. ಅಪ್ಪ ಹೋದ ಮೇಲೆ ಎರಡು ವರ್ಷ ಬರೆದೆ, ಆಮೇಲೆ ಬಿಟ್ಟೆ.

ನಿಮ್ಮಲ್ಲಿ ಯಾರಾದರೂ ಇನ್ನೂ ಕಳಿಸುತ್ತೀರಾ?

ಅಂಚೆ ಕಚೇರಿಯಲ್ಲಿ ಇದ್ದವನು, ಚಿತ್ರದುರ್ಗ:

ಟೀಚರ್, ನಾನು ಸಾರ್ಟಿಂಗ್‌ನಲ್ಲೂ ಇದ್ದೆ, ಬೀಟ್‌ನಲ್ಲೂ, ಅಂದರೆ ಮನೆಮನೆಗೆ ಹಂಚುವ ಸುತ್ತಿನಲ್ಲೂ, ತಿರುಗಿದ್ದೇನೆ. ಡಿಸೆಂಬರ್ ಎರಡನೇ ವಾರದಿಂದ ಸಂಕ್ರಾಂತಿ ಮುಗಿಯುವ ತನಕ ನಮಗೆ ಸೀಸನ್. ಚೀಲ ಜಾಸ್ತಿ ಬರುತ್ತಿದ್ದವು, ಸೈಕಲ್ ಹ್ಯಾಂಡಲ್‌ಗೆ ಎರಡೂ ಕಡೆ ನೇತು ಹಾಕಿದರೂ ಮಧ್ಯಾಹ್ನ ಇನ್ನೊಂದು ಸುತ್ತು ಹೋಗಬೇಕಿತ್ತು. ಕ್ರಿಸ್‌ಮಸ್ ಕಾರ್ಡ್ ಬರೀ ಕ್ರೈಸ್ತರ ಮನೆಗೆ ಬರುತ್ತಿತ್ತು ಅಂದುಕೊಳ್ಳಬೇಡಿ. ಡಾಕ್ಟರು, ವಕೀಲರು, ಬ್ಯಾಂಕ್ ಮ್ಯಾನೇಜರು, ಹತ್ತಿ ವ್ಯಾಪಾರದವರು, ಎಲ್ಲರಿಗೂ ಬರುತ್ತಿದ್ದವು. ಒಂದೇ ಕಾರ್ಡಿನಲ್ಲಿ ಕ್ರಿಸ್‌ಮಸ್ಸೂ ಹೊಸ ವರ್ಷವೂ ಮುಗಿಯುತ್ತಿತ್ತಲ್ಲ.

ಹೆಚ್ಚಿನವು ಬುಕ್‌ಪೋಸ್ಟ್. ಕವರ್ ಅಂಟಿಸಬಾರದು, ಮೇಲಿನ ಮಡಿಕೆ ಒಳಗೆ ಸಿಕ್ಕಿಸಬೇಕು, ಆಗ ಕಮ್ಮಿ ಸ್ಟಾಂಪ್ ಸಾಕು. ಕೆಲವರು ಒಳಗೆ ಎರಡು ಪುಟ ಕಾಗದ ಬರೆದಿಟ್ಟು ಗೋಂದು ಹಚ್ಚಿ ಕಳಿಸೋರು. ಅದು ಪತ್ರದ ಲೆಕ್ಕಕ್ಕೆ ಬರುತ್ತದೆ. ಕಮ್ಮಿ ಬಿದ್ದದ್ದರ ಎರಡರಷ್ಟು ದುಡ್ಡು ತಗೊಳ್ಳುವವರೇ ಕೊಡಬೇಕು. ಹಬ್ಬದ ದಿನ ಬಾಗಿಲಲ್ಲಿ ನಿಂತು ಚಿಲ್ಲರೆ ಕೇಳುವುದು ನನಗೆ ತುಂಬಾ ಸಂಕಟದ ಕೆಲಸ ಆಗಿತ್ತು.

ವಿಳಾಸದ ಮಾತು ಬಂತು ಅಂತ ಹೇಳುತ್ತೇನೆ. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಎಷ್ಟೋ ವರ್ಷ ಜನ ಅದನ್ನು ಬರೆಯುತ್ತಲೇ ಇರಲಿಲ್ಲ. ದಾವಣಗೆರೆ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ, ಅಲ್ಲಿವರೆಗೆ ನಮ್ಮ ಜಿಲ್ಲೆಯೇ. ಆಮೇಲೂ ದೂರದ ಊರಿನವರು "ದಾವಣಗೆರೆ, ಚಿತ್ರದುರ್ಗ ಜಿಲ್ಲೆ" ಅಂತಲೇ ಬರೆಯೋರು, ಅದರಲ್ಲಿ ದಾವಣಗೆರೆ ಸಣ್ಣಕ್ಷರ, ಚಿತ್ರದುರ್ಗ ದೊಡ್ಡಕ್ಷರ. ಅಂಥವು ನಮ್ಮ ಮೇಜಿಗೆ ಬಂದು ಬಿದ್ದರೆ ಮತ್ತೆ ದಾವಣಗೆರೆಯ ಪಿನ್ 577001ರ ಕಟ್ಟಿಗೆ ಹಾಕುತ್ತಿದ್ದೆವು. ಒಂದು ದಿನ ತಡ ಆಗುತ್ತಿತ್ತು, ಆದರೆ ಸೇರುತ್ತಿತ್ತು.

ಈಗ ಬೀಟ್‌ನ ಹುಡುಗರನ್ನು ಕೇಳಿದರೆ ಬ್ಯಾಂಕ್ ಕಾಗದ, ಕೋರ್ಟ್ ನೋಟಿಸು, ಆಧಾರ್ ಅಂತಾರೆ. ಕೈಬರಹ ಇರುವ ಕವರ್ ಸಿಗುವುದೇ ಅಪರೂಪವಂತೆ.

ಎರಡನೇ ವರ್ಷದ ಇಂಜಿನಿಯರಿಂಗ್, ದಾವಣಗೆರೆ:

ಟೀಚರ್, ನಾನು ಕೇಳುವುದನ್ನು ತಪ್ಪು ತಿಳಿಯಬೇಡಿ. ನನಗೆ ಅಂಚೆಯಲ್ಲಿ ಒಂದು ಕಾರ್ಡೂ ಬಂದಿಲ್ಲ, ಹುಟ್ಟಿದಾಗಿನಿಂದ. ಕಳೆದ ವಾರ ನನ್ನ ಫೋನಿಗೆ ಕ್ರಿಸ್‌ಮಸ್ ಶುಭಾಶಯ ನೂರರ ಮೇಲೆ ಬಂದಿವೆ, ನಾನೂ ಅಷ್ಟೇ ಕಳಿಸಿದ್ದೇನೆ. ನೀವು ಹೇಳಿದ "ಇದ್ದೇವೆ, ಇದ್ದಾರೆ" ಅನ್ನುವುದು ವಾಟ್ಸಾಪ್‌ನಲ್ಲೂ ಆಗುತ್ತಲ್ವಾ? ಕಾರ್ಡಿನಲ್ಲೂ ಅಚ್ಚು ಹಾಕಿದ ಸಾಲೇ ಇರುತ್ತಿತ್ತು, ಕೆಳಗೆ ಸಹಿ ಅಷ್ಟೇ. ಏನು ವ್ಯತ್ಯಾಸ ಅಂತ ನನಗೆ ನಿಜವಾಗಿಯೂ ತಿಳಿಯಬೇಕು.

ಕಾಲೇಜು ಲೈಬ್ರರಿಯವರು, ಚಿತ್ರದುರ್ಗ:

ಈ ಪ್ರಶ್ನೆ ಒಳ್ಳೆಯದು, ಯಾಕೆಂದರೆ ಕಾರ್ಡು ಹುಟ್ಟಿದ್ದೇ ಕೆಲಸ ಕಮ್ಮಿ ಮಾಡಿಕೊಳ್ಳಲು. ಲಂಡನ್‌ನಲ್ಲಿ ಹೆನ್ರಿ ಕೋಲ್ ಅಂತ ಒಬ್ಬ ಅಧಿಕಾರಿ. 1840ರಲ್ಲಿ ಬ್ರಿಟನ್ನಿನಲ್ಲಿ ಒಂದು ಪೆನ್ನಿ ನಾಣ್ಯಕ್ಕೆ ಪತ್ರ ಕಳಿಸುವ ವ್ಯವಸ್ಥೆ ಬಂತಲ್ಲ, ಅದನ್ನು ತರಲು ದುಡಿದವರಲ್ಲಿ ಈತನೂ ಒಬ್ಬ. ಅಂಚೆ ಅಗ್ಗ ಆಗಿದ್ದೇ ತಡ, ಹಬ್ಬಕ್ಕೆ ಎಲ್ಲರೂ ಪತ್ರ ಬರೆಯಲು ಶುರು ಮಾಡಿದರು. ಎಲ್ಲಕ್ಕೂ ಉತ್ತರ ಬರೆಯಲು ಅವನಿಗೆ ಪುರುಸೊತ್ತಿಲ್ಲ. 1843ರಲ್ಲಿ ಜಾನ್ ಕಾಲ್ಕಾಟ್ ಹಾರ್ಸ್ಲಿ ಅನ್ನುವ ಚಿತ್ರಕಾರನ ಕೈಯಲ್ಲಿ ಚಿತ್ರ ಬರೆಸಿ ಒಂದು ಸಾವಿರ ಕಾರ್ಡ್ ಅಚ್ಚು ಹಾಕಿಸಿದ. ತನಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಒಂದು ಶಿಲ್ಲಿಂಗಿಗೆ ಒಂದರಂತೆ ಮಾರಿದರು. ಆಗಿನ ಕಾಲಕ್ಕೆ ಅದು ಅಗ್ಗ ಏನಲ್ಲ. ನಡುವಿನ ಚಿತ್ರದಲ್ಲಿ ಮನೆಯವರೆಲ್ಲ ಕೂತು ವೈನ್ ಕುಡಿಯುತ್ತಿದ್ದಾರೆ, ಒಂದು ಪುಟ್ಟ ಮಗುವಿಗೂ ಕುಡಿಸುತ್ತಿದ್ದಾರೆ, ಅದಕ್ಕೆ ಪಾನವಿರೋಧಿಗಳು ಬೈದರು. ಅಕ್ಕಪಕ್ಕದಲ್ಲಿ ಬಡವರಿಗೆ ಅನ್ನ, ಬಟ್ಟೆ ಕೊಡುವ ಚಿತ್ರಗಳಿವೆ.

ಅದೇ 1843ರಲ್ಲಿ, ಜುಲೈ 1ಕ್ಕೆ, ನಮ್ಮ ಮಂಗಳೂರಿನಲ್ಲಿ ಜರ್ಮನಿಯ ಪಾದ್ರಿ ಮೊಗ್ಲಿಂಗ್ ಅವರು "ಮಂಗಳೂರ ಸಮಾಚಾರ" ಹೊರತಂದರು, ಕನ್ನಡದ ಮೊದಲ ಪತ್ರಿಕೆ. ಈ ಎರಡನ್ನೂ ಒಟ್ಟಿಗೆ ನೆನೆಸಿಕೊಂಡರೆ ನನಗೆ ಯಾಕೋ ಖುಷಿ ಆಗುತ್ತದೆ.

ಇನ್ನೊಂದು ಮಾತು. 1992ರ ಡಿಸೆಂಬರ್ 3ಕ್ಕೆ ಪ್ರಪಂಚದ ಮೊದಲ ಎಸ್ಸೆಮ್ಮೆಸ್ ಹೋಯಿತು, ನೀಲ್ ಪ್ಯಾಪ್‌ವರ್ತ್ ಅನ್ನುವ ಇಂಜಿನಿಯರ್ ಕಂಪ್ಯೂಟರಿನಿಂದ ಕಳಿಸಿದ್ದು. ಅದರಲ್ಲಿ ಇದ್ದದ್ದು ಎರಡೇ ಪದ, ಮೆರ್ರಿ ಕ್ರಿಸ್‌ಮಸ್. ಕಾರ್ಡಿನ ಮಾತನ್ನೇ ಹೊತ್ತುಕೊಂಡು ಫೋನು ಬಂತು. ಹಾಗಾಗಿ ಈ ಹುಡುಗನ ಮಾತನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ.

ಅಂಚೆಯ ಕಥೆ ಮಾತ್ರ ಗಟ್ಟಿಯಾಗಿಲ್ಲ. ಡೆನ್ಮಾರ್ಕಿನ ಸರ್ಕಾರಿ ಅಂಚೆ 2025ರ ಕೊನೆಗೆ ಪತ್ರ ಹಂಚುವುದನ್ನೇ ನಿಲ್ಲಿಸಿತು. ನಾಲ್ಕು ನೂರು ವರ್ಷದ ಕೆಲಸ. ಇನ್ನು ಅಲ್ಲಿ ಪತ್ರ ಕಳಿಸಬೇಕೆಂದರೆ ಖಾಸಗಿಯವರ ಹತ್ತಿರ ಹೋಗಬೇಕು.

ಅಶೋಕ ರಸ್ತೆ ಹತ್ತಿರದ ಪುಸ್ತಕದ ಅಂಗಡಿ, ದಾವಣಗೆರೆ:

ನಾನು ಮಾರಿದವನು, ನನ್ನ ಕಡೆಯಿಂದಲೂ ಕೇಳಿ. ಗಣಪತಿ ಹಬ್ಬ ಮುಗಿಯುತ್ತಿದ್ದಂತೆ ಶಿವಕಾಶಿಯ ಪ್ರೆಸ್ಸಿನ ಏಜೆಂಟರು ಸ್ಯಾಂಪಲ್ ಆಲ್ಬಮ್ ಹಿಡಿದು ಬರುತ್ತಿದ್ದರು. ಕ್ಯಾಲೆಂಡರ್, ಡೈರಿ, ಗ್ರೀಟಿಂಗ್ ಮೂರಕ್ಕೂ ಒಟ್ಟಿಗೆ ಆರ್ಡರ್. ಜರಿ ಪುಡಿ ಉದುರುವಂಥದ್ದು, ಬಿಡಿಸಿದರೆ ಒಳಗೆ ಗೋದಲಿ ಎದ್ದು ನಿಲ್ಲುವಂಥದ್ದು, ಆಮೇಲೆ ತೆರೆದ ಕೂಡಲೇ ಹಾಡುವಂಥದ್ದು. ಎರಡು ರೂಪಾಯಿಯಿಂದ ಶುರು. ಅಂಗಡಿ ಮುಂದೆ ಹಗ್ಗ ಕಟ್ಟಿ ಬಟ್ಟೆ ಕ್ಲಿಪ್ ಹಾಕಿ ತೂಗು ಬಿಡುತ್ತಿದ್ದೆ. ಸಂಜೆ ಕಾಲೇಜು ಬಿಟ್ಟರೆ ನಿಲ್ಲಲು ಜಾಗ ಇರುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ನಮ್ಮಲ್ಲಿ ಕ್ರಿಸ್‌ಮಸ್ಸಿಗಿಂತ ಹೊಸ ವರ್ಷ, ಸಂಕ್ರಾಂತಿಯದ್ದು ಜಾಸ್ತಿ ಓಡುತ್ತಿತ್ತು. ರಾಜ್‌ಕುಮಾರ್, ವಿಷ್ಣುವರ್ಧನ್ ಫೋಟೋ ಇದ್ದರೆ ಕೈಗೆ ಸಿಗುತ್ತಿರಲಿಲ್ಲ. ಇಸವಿ ಅಚ್ಚು ಹಾಕಬೇಡಿ ಅಂತ ಏಜೆಂಟರಿಗೆ ಮೊದಲೇ ಹೇಳಿಬಿಡುತ್ತಿದ್ದೆ, ಉಳಿದರೆ ಮುಂದಿನ ವರ್ಷಕ್ಕೆ ಆಗಬೇಕಲ್ಲ. ನಾನು ಕೊನೆಯ ಸಲ ಆರ್ಡರ್ ಕೊಟ್ಟು ಹತ್ತು ಹನ್ನೆರಡು ವರ್ಷ ಆಯಿತು. ಒಂದು ಡಬ್ಬಿ ಇನ್ನೂ ಅಟ್ಟದ ಮೇಲೆ ಇದೆ.

ಆದರೆ ಲಗ್ನಪತ್ರಿಕೆ ನೋಡಿ. ಅದು ಹೋಗಿಲ್ಲ. ವಾಟ್ಸಾಪ್‌ನಲ್ಲಿ ಕಳಿಸಿದರೂ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ಮನೆಗೆ ಬಂದು ಕೊಟ್ಟರೇನೇ ಕರೆದ ಹಾಗೆ. ಕೊಡದಿದ್ದರೆ ಹತ್ತು ವರ್ಷ ನೆನಪಿಟ್ಟುಕೊಂಡು ಆಡುತ್ತಾರೆ ನಮ್ಮ ಜನ. ಅದಕ್ಕೇ ಕಾಗದದ ಕಾಲ ಮುಗಿಯಿತು ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಕೊಡದಿದ್ದರೆ ಬೇಜಾರಾಗುವವರು ಇರುವ ತನಕ ಕಾಗದ ಇರುತ್ತದೆ. ಕ್ರಿಸ್‌ಮಸ್ ಕಾರ್ಡ್ ಬರಲಿಲ್ಲ ಅಂತ ಬೇಜಾರು ಮಾಡಿಕೊಳ್ಳುವವರು ಕಮ್ಮಿ ಆದರು, ಅಷ್ಟೇ.

ಹಿರಿಯೂರು ಕಡೆಯವನು:

ಓದುತ್ತಾ ಬಂದೆ, ಒಂದು ಮಾತು ಹೇಳದೇ ಇರಲು ಆಗಲಿಲ್ಲ. ನಾವೂ ಕ್ರೈಸ್ತರೇ. ನಮ್ಮ ಹಟ್ಟಿಗೆ ಒಂದು ಕ್ರಿಸ್‌ಮಸ್ ಕಾರ್ಡೂ ಬಂದದ್ದು ನಾನು ನೋಡಿಲ್ಲ. ಅವ್ವನಿಗೆ ಓದಲು ಬರುತ್ತಿರಲಿಲ್ಲ. ಮನೆಗೆ ನಂಬರ್ ಇರಲಿಲ್ಲ. ಕಾರ್ಡು ಅಂದರೆ ಇಂಗ್ಲಿಷ್ ಗೊತ್ತಿದ್ದವರ, ಸಂಬಳದ ಕೆಲಸ ಇದ್ದವರ ಪದ್ಧತಿ. ನಮಗೆ ಹಬ್ಬ ಅಂದರೆ ರಾತ್ರಿ ಡೋಲಕ್ಕು, ತಾಳ ಹಿಡಿದು ಮನೆಮನೆಗೆ ಹಾಡಿಕೊಂಡು ಬರುವ ತಂಡ. ಚಳಿಯಲ್ಲಿ ಬಾಗಿಲು ತೆಗೆದು ನಿಂತರೆ ಅವ್ವ ಬೆಲ್ಲದ ಚಾ ಕಾಸಿ ಎಲ್ಲರಿಗೂ ಕೊಡೋಳು. ಬೆಳಿಗ್ಗೆ ಕರ್ಜಿಕಾಯಿ ತಟ್ಟೆ ಎಲ್ಲ ಜಾತಿಯವರ ಮನೆಗೂ ಒಯ್ಯುತ್ತಿದ್ದೆವು. ಕೆಲವು ಮನೆಯಲ್ಲಿ ತಗೊಳ್ಳುತ್ತಿದ್ದರು, ಕೆಲವು ಮನೆಯಲ್ಲಿ ತಟ್ಟೆ ಹೊರಗೇ ಇಡಿ ಅನ್ನುತ್ತಿದ್ದರು. ಅದು ನನಗೆ ಇವತ್ತಿಗೂ ಮರೆತಿಲ್ಲ.

ಆ ಹಾಡುವ ತಂಡ ಈಗಲೂ ಬರುತ್ತದೆ. ಹಾಗಾಗಿ ನಮ್ಮ ಪದ್ಧತಿ ಹೋಗಿಲ್ಲ. ಹೋಗಿದ್ದು ನಿಮ್ಮದು. ನೋಯಿಸಲು ಹೇಳುತ್ತಿಲ್ಲ ಟೀಚರ್, ಎರಡೂ ಒಂದೇ ಅಲ್ಲ ಅಂತ ಹೇಳಿದೆ.

ವಿದ್ಯಾನಗರದ ಟೀಚರ್:

ನೀವು ಹೇಳಿದ್ದು ಸರಿ ಇದೆ ಅಣ್ಣ. ಇದನ್ನು ಓದಿದ ಮೇಲೆ ಮತ್ತೆ ಆ ಪುಸ್ತಕ ತೆಗೆದೆ. ನಮ್ಮ ಕ್ವಾರ್ಟರ್ಸ್ ಹಿಂದೆ ಒಂದು ಸಾಲು ಮನೆಗಳಿದ್ದವು. ಅಲ್ಲಿಂದ ಒಬ್ಬ ಅಮ್ಮ ಬಂದು ನಮ್ಮನ್ನು ಸ್ಕೂಲಿಗೆ ಕರೆದುಕೊಂಡು ಹೋಗುತ್ತಿದ್ದರು, ಏಳು ವರ್ಷ. ಮಳೆ ಬಂದರೆ ತಮ್ಮನನ್ನು ಸೊಂಟದ ಮೇಲೆ ಎತ್ತಿಕೊಳ್ಳುತ್ತಿದ್ದರು. 64 ವಿಳಾಸದಲ್ಲಿ ಅವರ ಹೆಸರಿಲ್ಲ. ಐದು ನಿಮಿಷದ ದಾರಿ, ಕಾರ್ಡ್ ಯಾಕೆ ಅಂತ ಅಪ್ಪ ಅಂದುಕೊಂಡಿರಬಹುದು. ಕಾರ್ಖಾನೆ ಮುಚ್ಚಿದ ಮೇಲೆ ಫೋರ್‌ಮನ್ ಕೊಯಮತ್ತೂರಿಗೆ ಹೋದದ್ದು ನಮಗೆ ತಿಳಿಯಿತು, ಈ ಅಮ್ಮ ಎಲ್ಲಿಗೆ ಹೋದರು ಅಂತ ತಿಳಿಯಲೇ ಇಲ್ಲ. ನಡುವಿನ ಜನರು ಅಂತ ನಾನು ಮೇಲೆ ಬರೆದೆನಲ್ಲ, ಆ ಪಟ್ಟಿಯೇ ಅರ್ಧ ಇತ್ತು. ನೀವು ಹೇಳದೇ ಇದ್ದಿದ್ದರೆ ನಾನು ಇದನ್ನು ಯೋಚಿಸುತ್ತಿರಲಿಲ್ಲ.

ಇಂಜಿನಿಯರಿಂಗ್ ಹುಡುಗನಿಗೆ: ಪುಟ್ಟಾ, ನೀನು ನೂರು ಜನರಿಗೆ ಕಳಿಸಿದೆಯಲ್ಲ, ಅವರಲ್ಲಿ ಎಷ್ಟು ಜನರ ಹೆಸರನ್ನು ಒಂದೊಂದಾಗಿ ನೆನೆಸಿಕೊಂಡೆ? ಬೈಯಲು ಕೇಳುತ್ತಿಲ್ಲ. ಅಪ್ಪ ಅಚ್ಚು ಹಾಕಿದ ಕಾರ್ಡನ್ನೇ ಕಳಿಸುತ್ತಿದ್ದರು, ಆದರೆ ಪ್ರತಿ ಕವರಿನ ಮೇಲೆ ಹೆಸರು, ಮನೆ, ಬೀದಿ, ಊರು, ಪಿನ್ ಬರೆಯಬೇಕಿತ್ತು. ಅಷ್ಟು ಹೊತ್ತು ಆ ಮನುಷ್ಯ ಅವರ ಕಣ್ಣ ಮುಂದೆ ಇರುತ್ತಿದ್ದ. "ಇವರ ಮಗಳಿಗೆ ಮದುವೆ ಆಯ್ತಾ" ಅಂತ ಅಮ್ಮನನ್ನು ಕೇಳುತ್ತಿದ್ದರು. ನನಗೆ ಕಾಣುವ ವ್ಯತ್ಯಾಸ ಇದೊಂದೇ.

ಹಳೇ ದಾವಣಗೆರೆಯ ಸೊಸೆ:

ನಮ್ಮ ಕಡೆ ದಸರಾದಲ್ಲಿ ಬನ್ನಿ ಎಲೆ ಕೊಡುತ್ತೇವಲ್ಲ, ಹಾಗೆ ಅನ್ನಿಸಿತು ಟೀಚರ್ ಮಾತು. ಎಲೆಗೆ ಏನು ಬೆಲೆ? "ಬನ್ನಿ ತಗೊಂಡು ಬಂಗಾರದಂಗೆ ಇರೋಣ" ಅಂತ ಕೈಗಿಟ್ಟು ನಮಸ್ಕಾರ ಮಾಡುವುದು. ನಮ್ಮ ಮಾವ ಜಾಗದ ತಂಟೆಯಿಂದ ವರ್ಷವಿಡೀ ಮಾತು ಬಿಟ್ಟವರ ಮನೆಗೂ ಆ ಸಂಜೆ ಹೋಗಿ ಬರುತ್ತಿದ್ದರು. ಈಗ ಬನ್ನಿಯ ಫೋಟೋ ಬರುತ್ತದೆ ಫೋನಿಗೆ. ಮಾತು ಬಿಟ್ಟವರಿಗೆ ಫೋಟೋ ಯಾರೂ ಕಳಿಸುವುದಿಲ್ಲ. ನೋಡಿದ್ದೀರಾ ಇದನ್ನು?

ಲಂಡನ್ ಹತ್ತಿರದ ನರ್ಸ್, ಊರು ದಾವಣಗೆರೆ:

ಇಲ್ಲಿನ ಸುದ್ದಿ ಹೇಳುತ್ತೇನೆ. ಕಾರ್ಡ್ ಹೋಗಿಲ್ಲ, ಅಂಗಡಿ ತುಂಬಾ ಇವೆ. ಕಟ್ಟಿನ ಲೆಕ್ಕದಲ್ಲಿ ಸಿಗುತ್ತವೆ, ಎಷ್ಟೋ ಕಟ್ಟುಗಳ ಲಾಭದಲ್ಲಿ ಒಂದು ಪಾಲು ಸೇವಾ ಸಂಸ್ಥೆಗಳಿಗೆ ಹೋಗುತ್ತದೆ. ಆದರೆ ಅಂಚೆ ದುಬಾರಿ. ಫಸ್ಟ್ ಕ್ಲಾಸ್ ಸ್ಟಾಂಪಿಗೆ 2025ರಲ್ಲೇ 1.70 ಪೌಂಡ್ ಇತ್ತು, ಸೆಕೆಂಡ್ ಕ್ಲಾಸಿಗೆ 87 ಪೆನ್ಸ್. ಹಾಗಾಗಿ ಅಕ್ಕಪಕ್ಕದವರಿಗೆ, ಕೆಲಸದ ಜಾಗದವರಿಗೆ ಕೈಯಲ್ಲೇ ಕೊಡುತ್ತಾರೆ. ದೂರದವರ ಹೆಸರು ವರ್ಷ ವರ್ಷ ಪಟ್ಟಿಯಿಂದ ಬಿಡುತ್ತಾ ಬರುತ್ತಾರೆ ಅಂತ ನನ್ನ ಜೊತೆಯವರೇ ಹೇಳಿದರು.

ವಾರ್ಡಿನಲ್ಲಿ ಹಾಸಿಗೆ ಪಕ್ಕದ ಕಪಾಟಿನ ಮೇಲೆ ಕಾರ್ಡ್ ನಿಲ್ಲಿಸಿರುತ್ತಾರೆ. ಯಾರಿಗೆ ಎಷ್ಟು ಅಂತ ಬೇಡ ಅಂದರೂ ಕಣ್ಣಿಗೆ ಬೀಳುತ್ತದೆ. ಈ ಸಲ ಒಬ್ಬ ಅಜ್ಜಿಗೆ ಒಂದೂ ಇರಲಿಲ್ಲ. ನಾನು ಒಂದು ತಂದು ನಾವೆಲ್ಲ ನರ್ಸುಗಳು ಸಹಿ ಹಾಕಿ ಇಟ್ಟೆವು. ಅವರು ಅದನ್ನು ಓದಿ ಮತ್ತೆ ಕವರಿನೊಳಗೆ ಹಾಕಿ ದಿಂಬಿನ ಕೆಳಗೆ ಇಟ್ಟುಕೊಂಡರು. ಮರುದಿನ ಬೆಳಿಗ್ಗೆ ಶೀಟ್ ಬದಲಿಸುವಾಗ ಮೊದಲು ಅದನ್ನು ಎತ್ತಿ ಕೈಯಲ್ಲಿ ಹಿಡಿದುಕೊಂಡರು. ನನ್ನ ಅಮ್ಮ ನಿಟ್ಟುವಳ್ಳಿಯಲ್ಲಿದ್ದಾರೆ. ದಿನಾ ವೀಡಿಯೋ ಕಾಲ್ ಮಾಡುತ್ತೇನೆ. ಅವತ್ತು ರಾತ್ರಿ ಕೂತು ಅಮ್ಮನಿಗೂ ಒಂದು ಕಾರ್ಡ್ ಬರೆದೆ, ಇನ್ನೂ ಸೇರಿಲ್ಲ.

ಎರಡನೇ ವರ್ಷದ ಇಂಜಿನಿಯರಿಂಗ್:

ಟೀಚರ್, ನೀವು ಕೇಳಿದ್ದಕ್ಕೆ ಉತ್ತರ. ಒಂದೊಂದಾಗಿ ನೆನೆಸಿಕೊಂಡದ್ದು ಎಂಟು ಜನರನ್ನು. ಉಳಿದವರಿಗೆ ಒಟ್ಟಿಗೆ ಹೋಗಿದೆ.

ಒಬ್ಬರಿಗೆ ಬರೆಯಬೇಕು ಅನ್ನಿಸಿದೆ. ಹೈಸ್ಕೂಲಿನಲ್ಲಿ ನಮಗೆ ಗಣಿತ ಹೇಳಿಕೊಟ್ಟ ಸರ್. ಅವರ ನಂಬರ್ ಇದೆ, ಆದರೆ ಫೋನ್ ಮಾಡಲು ಭಯ, ಮೆಸೇಜ್ ಮಾಡಿದರೆ ಎಲ್ಲರದ್ದೂ ಒಂದೇ ಥರ. ಕಾರ್ಡ್ ಎಲ್ಲಿ ಸಿಗುತ್ತದೆ? ಎಷ್ಟು ಸ್ಟಾಂಪ್ ಹಚ್ಚಬೇಕು? ಒಳಗೆ ಏನು ಬರೆಯಬೇಕು?

ಪುಸ್ತಕದ ಅಂಗಡಿ:

ಅಟ್ಟದ ಮೇಲಿನ ಡಬ್ಬಿ ಇದೆ ಅಂದೆನಲ್ಲ, ಬಾ. ದುಡ್ಡು ಬೇಡ. ಇಸವಿ ಅಚ್ಚಿಲ್ಲ, ಹೊಸ ವರ್ಷಕ್ಕೆ ಆಗುತ್ತದೆ.

ಅಂಚೆ ಕಚೇರಿಯಲ್ಲಿ ಇದ್ದವನು:

20 ಗ್ರಾಂ ಒಳಗಿದ್ದರೆ ಐದು ರೂಪಾಯಿ ಸ್ಟಾಂಪ್. ಕಾರ್ಡ್ ದಪ್ಪ ಇದ್ದರೆ ಕೌಂಟರಿನಲ್ಲಿ ತೂಕ ಮಾಡಿಸು. ಕಾರ್ಡ್ ಸಿಗದಿದ್ದರೆ ಪೋಸ್ಟ್‌ಕಾರ್ಡ್ ಸಾಕು, ಅದು ಇವತ್ತಿಗೂ 50 ಪೈಸೆ. ಪಿನ್ ಮರೆಯಬೇಡ. ಹಿಂದೆ "ಇಂದ" ವಿಳಾಸ ಖಂಡಿತ ಬರಿ, ಸಿಗದಿದ್ದರೆ ವಾಪಸ್ ನಿನಗೇ ಬರಬೇಕು. ರಿಜಿಸ್ಟರ್ ಮಾಡಿಸಬೇಕು ಅಂತ ಮನೆಯಲ್ಲಿ ಹೇಳಿದರೆ ಅದು 2025ರಲ್ಲಿ ಸ್ಪೀಡ್‌ಪೋಸ್ಟ್ ಜೊತೆ ಸೇರಿಹೋಗಿದೆ, ನಿನಗೆ ಅದು ಬೇಕಾಗಿಯೂ ಇಲ್ಲ.

ವಿದ್ಯಾನಗರದ ಟೀಚರ್:

ಒಳಗೆ ಜಾಸ್ತಿ ಬರೆಯಬೇಡ ಪುಟ್ಟಾ. ಅವರು ಹೇಳಿಕೊಟ್ಟ ಒಂದು ಲೆಕ್ಕ ನೆನಪಿದ್ದರೆ ಅದನ್ನು ಬರೆ. ನಾನು ಮೂವತ್ತೊಂದು ವರ್ಷ ಪಾಠ ಮಾಡಿದ್ದೇನೆ, ಅಂಥದ್ದು ಬಂದರೆ ಹೇಗಿರುತ್ತದೆ ಅಂತ ನನಗೆ ಗೊತ್ತು.

ನಾನೂ ಇವತ್ತು ಮಧ್ಯಾಹ್ನ ಹನ್ನೆರಡು ಪೋಸ್ಟ್‌ಕಾರ್ಡ್ ತಂದು ಕೂತೆ. ಹನ್ನೊಂದು ಬರೆದಾಯಿತು. ಹನ್ನೆರಡನೆಯದು ಚಿತ್ರದುರ್ಗದ ಆ ಅಜ್ಜಿಯ ಮನೆಗೆ. ಅಜ್ಜಿ ಈಗ ಇರಲಾರರು, ಮೊಮ್ಮಕ್ಕಳಾದರೂ ಇರಬಹುದು. ಅಪ್ಪ ಬರೆದುಕೊಂಡಿರುವುದು ಇಷ್ಟೇ: "ದೊಡ್ಡಪೇಟೆ, ಹುಣಸೆ ಮರದ ಎದುರು, ನೀಲಿ ಬಾಗಿಲು, ಚಿತ್ರದುರ್ಗ." ಮನೆ ನಂಬರ್ ಇಲ್ಲ. ಆಗ ಅಷ್ಟೇ ಸಾಕಾಗುತ್ತಿತ್ತು ಅಂತ ಕಾಣುತ್ತದೆ. ಈಗ ಸೇರುತ್ತದಾ ಸರ್?

ಅಂಚೆ ಕಚೇರಿಯಲ್ಲಿ ಇದ್ದವನು:

ಹಾಗೇ ಹಾಕಬೇಡಿ ಟೀಚರ್, ಈಗಿನ ಹುಡುಗರಿಗೆ ಹುಣಸೆ ಮರ ಗೊತ್ತಿಲ್ಲ. ಅದು ನನ್ನ ಹಳೇ ಬೀಟು. ಮರ ಕಡಿದು ಬಹಳ ವರ್ಷ ಆಯಿತು, ಅಲ್ಲಿ ಈಗ ಮೊಬೈಲ್ ಅಂಗಡಿ ಇದೆ. ಎದುರಿನ ಮನೆ ಮಾತ್ರ ಹಾಗೇ ಇದೆ. ಭಾನುವಾರ ಆ ಕಡೆ ಹೋಗುತ್ತೇನೆ, ಮನೆ ನಂಬರ್ ನೋಡಿಕೊಂಡು ಬಂದು ಇಲ್ಲೇ ಬರೆಯುತ್ತೇನೆ. ಬಾಗಿಲು ಯಾವ ಬಣ್ಣ ಇದೆ ಅಂತಲೂ ಹೇಳುತ್ತೇನೆ.